ವಾಯುಸಖ

ಅಮರಕೋಶದಲ್ಲಿ ಅಗ್ನಿಗೆ ವಾಯುಸಖನೆಂಬ ಹೆಸರುಂಟು. ಹಳೆಯ ಸ್ಕೂಟರಿನಲ್ಲಿಯಾದರೋ ಈ ಸಖ್ಯವು ಎರಡು ಬಗೆಯದು: ಕಾರ್ಬೊರೇಟರನ್ನು ಹೊಕ್ಕ ಗಾಳಿಯು ಅಗ್ನಿಯನ್ನು ಪೋಷಿಸುವುದು, ಫ್ಯಾನು ಬೀಸುವ ಗಾಳಿಯು ಅದರ ತಾಪವನ್ನು ತಣಿಸುವುದು. ಮೋಟಾರ್ ಸೈಕಲ್ಲಿನ ಎಂಜಿನು ಎದುರುಗಾಳಿಗೆ ಮೈಯೊಡ್ಡಿರುವುದು. ಸ್ಕೂಟರಿನದು ತಗಡಿನ ಮರೆಯಲ್ಲಿರುವುದರಿಂದ ಅದಕ್ಕೆ ಫ್ಯಾನೇ ಗತಿ. ಜರ್ಮನಿಯ ಪೋರ್ಶೆ 911 ಕಾರಿಗೂ 1998ರವರೆಗೆ ಇದೇ ಆಸರೆಯಾಗಿದ್ದಿತು.

ಕಳೆದ ಬೇಸಗೆಯಲ್ಲಿ ಮಡದಿಯೊಡನೆ ಕುಣಿಗಲ್ಲಿನಿಂದ ತುಮಕೂರಿಗೆ ಬರುತ್ತಿರಲು ನನ್ನ ಸ್ಕೂಟರಿನ ಎಂಜಿನು ಬಿಸಿಯೇರಿ ಸೊರಗತೊಡಗಿತು. ತಾಪವು ಮಿತಿಮೀರಿದರೆ ಪಿಸ್ಟನ್ನು ಸಿಲಿಂಡರಿನೊಳಗೆ ಕಚ್ಚಿಕೊಂಡು ಹಿಂದಿನ ಚಕ್ರವು ಥಟ್ಟನೆ ನಿಲ್ಲುವುದು. ಸವಾರರ ಪ್ರಾಣಕ್ಕೇ ಸಂಚಕಾರ. ನೆರಳಿನಲ್ಲಿ ನಿಲ್ಲಿಸಿ, ಆರಿದ ಬಳಿಕ ಮೆಲ್ಲನೆ ಮನೆ ಸೇರಿದೆವು.

ಗುಬ್ಬಿಯ ಮೆಕ್ಯಾನಿಕನು ಬಿಚ್ಚಿ ನೋಡಲು, ಫ್ಲೈವೀಲಿನ ಫ್ಯಾನಿನಲ್ಲಿ ಮೂರು ಎಲೆಗಳು ಮುರಿದಿದ್ದುವು. ಗಾಳಿಯನ್ನು ಸಿಲಿಂಡರಿನತ್ತ ನಡೆಸುವ ಮುಚ್ಚಳವೂ ಒಡೆದಿದ್ದಿತು. ನಾನು ಫ್ಯಾನೊಂದನ್ನೇ ಬದಲಿಸೆಂದೆನು. “ಮೇಷ್ಟ್ರೇ, ಗಾಳಿ ಹುಟ್ಟಿದರೆ ಸಾಲದು, ದಾರಿಯೂ ಬೇಕು” ಎಂದು ಆತನು ಎರಡನ್ನೂ ಹೊಸದಾಗಿ ಹಾಕಿ, ಸಿಲಿಂಡರಿನ ರೆಕ್ಕೆಗಳಿಗಂಟಿದ್ದ ಜಿಡ್ಡನ್ನು ಉಜ್ಜಿದನು. ಅಂದಿನಿಂದ ಎಂಜಿನು ಸೊರಗಿಲ್ಲ.

ಹಳೆಯ ಸ್ಕೂಟರುಳ್ಳ ವಾಚಕರು ಏರಿನಲ್ಲಿ ಎಂಜಿನನ್ನು ನರಳಿಸದೆ ಗೇರನ್ನು ಇಳಿಸುವುದು ಲೇಸು. ಗಾಡಿಯು ನಿಧಾನಿಸಿದರೂ ಎಂಜಿನು ಬೇಗನೆ ತಿರುಗುವುದು. ಅದರೊಡನೆ ಫ್ಯಾನೂ ಹೆಚ್ಚು ಬೀಸುವುದು.