ಕುಡುಕನ ಸುಳ್ಳು

ಕುಡುಕನ ಮಾತನ್ನು ನಂಬುವವರು ವಿರಳ. ಅವನಾಡಿದ್ದೆಲ್ಲವೂ ಸುಳ್ಳೆಂದು ಮನೆಯವರು ಮೊದಲೇ ತೀರ್ಮಾನಿಸಿಕೊಂಡಿರುತ್ತಾರೆ. ಆ ತೀರ್ಮಾನಕ್ಕೆ ಕಾರಣವನ್ನೂ ಬಹುಕಾಲದಿಂದ ಅವನೇ ಒದಗಿಸಿರುತ್ತಾನೆ. ಆದರೆ ಅವನ ಸುಳ್ಳುಗಳಲ್ಲಿ ಒಂದು ಬಗೆಯದು ಸುಳ್ಳೇ ಅಲ್ಲ. ಇದನ್ನು ವಿವರವಾಗಿ ಬರೆದಿಟ್ಟವರಲ್ಲಿ ಮಾಸ್ಕೋ ನಗರದ ವೈದ್ಯರಾದ ಸೆರ್ಗೇಯ್ ಕೊರ್ಸಕೋಫರು ಮುಖ್ಯರು.

1887ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಅವರು ವರ್ಣಿಸಿದ ರೋಗಿಗಳ ಸ್ಥಿತಿ ವಿಚಿತ್ರವಾದುದು. ರೋಗಿಯು ಮರ್ಯಾದೆಯಿಂದ ಮಾತನಾಡುತ್ತಾನೆ, ತರ್ಕದಲ್ಲಿ ಕುಂದಿಲ್ಲ, ಹಳೆಯ ಸಂಗತಿಗಳು ನೆನಪಿವೆ. ವೈದ್ಯರು ಹೊರಗೆ ಹೋಗಿ ಒಂದು ನಿಮಿಷದಲ್ಲಿ ಮರಳಿದರೆ, ಅವರು ಮೊದಲು ಬಂದಿದ್ದುದೇ ಅವನಿಗೆ ತಿಳಿಯದು. ಓದಿದ ಪುಟವನ್ನೇ ಹೊಸದೆಂಬಂತೆ ಮತ್ತೆ ಮತ್ತೆ ಓದುವನು. ತಿಂಗಳುಗಟ್ಟಲೆ ಹಾಸಿಗೆ ಹಿಡಿದವನನ್ನು ನಿನ್ನೆ ಏನು ಮಾಡಿದಿರೆಂದು ಕೇಳಿದರೆ, ಗಾಡಿಯಲ್ಲಿ ಪೇಟೆಗೆ ಹೋಗಿಬಂದೆನೆನ್ನುವನು. ವಂಚಿಸುವ ಉದ್ದೇಶ ಅವನಿಗಿಲ್ಲ. ನೆನಪಿರಬೇಕಾದ ಎಡೆಯು ಬರಿದಾಗಿರಲು, ಮನಸ್ಸು ಹಳೆಯ ಚೂರುಗಳಿಂದ ಅದನ್ನು ತುಂಬಿಕೊಳ್ಳುತ್ತದೆ. ತುಂಬಿದುದನ್ನು ಎಲ್ಲರಿಗಿಂತ ಮೊದಲು ನಂಬುವವನು ಅವನೇ.

ಇದಕ್ಕೆ ಮುನ್ನ ಬರುವ ತೀವ್ರರೋಗವನ್ನು ಜರ್ಮನಿಯ ಕಾರ್ಲ್ ವೆರ್ನಿಕೆಯವರು 1881ರಲ್ಲಿ ಮೂವರಲ್ಲಿ ಗುರುತಿಸಿದ್ದರು. ಕಣ್ಣಾಲಿ ಸರಿಯಾಗಿ ಹೊರಳದು, ಹೆಜ್ಜೆ ತೂರಾಡುವುದು, ಬುದ್ಧಿ ಕದಡುವುದು. ಇಬ್ಬರು ಕುಡುಕರು, ಮೂರನೆಯವಳು ಗಂಧಕಾಮ್ಲವನ್ನು ನುಂಗಿ, ಬಳಿಕ ಉಂಡುದೆಲ್ಲ ವಾಂತಿಯಾಗುತ್ತಿದ್ದ ತರುಣಿ. ಮೂವರೂ ಉಳಿಯಲಿಲ್ಲ. ರೋಗದ ಮೂಲ ಮದ್ಯದ ಅಮಲಲ್ಲ, ಹಸಿವು ಎಂಬ ಸುಳಿವು ಆ ತರುಣಿಯಲ್ಲಿಯೇ ಇದ್ದಿತು. ಅಂದು ಅದು ಯಾರಿಗೂ ತೋರಲಿಲ್ಲ.

ಕೊರತೆಯ ವಸ್ತು ದೊರೆತದ್ದು ಅಕ್ಕಿಯ ತೌಡಿನಲ್ಲಿ—ನಮ್ಮ ಮನೆಗಳಲ್ಲಿ ಹಸುವಿನ ಪಾಲಾಗುವ ತೌಡಿನಲ್ಲಿ! ನುಣುಪಾದ ಅಕ್ಕಿಯನ್ನೇ ತಿಂದ ಕೋಳಿಗಳ ಕಾಲು ಸೋಲುವುದನ್ನು ಜಾವಾದ್ವೀಪದಲ್ಲಿ ಡಚ್ ವೈದ್ಯ ಏಯ್ಕ್‌ಮನ್ನರು 1890ರ ದಶಕದಲ್ಲಿ ಕಂಡರು. 1926ರಲ್ಲಿ ಯಾನ್ಸೆನ್, ಡೊನಾತ್ ಎಂಬವರು ಅಲ್ಲಿಯೇ ತೌಡಿನಿಂದ ಥಯಮಿನ್ನನ್ನು, ಎಂದರೆ ಬಿ1 ಜೀವಸತ್ವವನ್ನು, ಬೇರ್ಪಡಿಸಿದರು. ದಿನಕ್ಕೆ ಬೇಕಾದುದು ಸುಮಾರು ಒಂದು ಮಿಲಿಗ್ರಾಂ ಮಾತ್ರ. ಮಿದುಳು ಸಕ್ಕರೆಯಿಂದ ಶಕ್ತಿಯನ್ನು ಪಡೆಯಲು ಅದು ಬೇಕೇ ಬೇಕು. ದೇಹದ ದಾಸ್ತಾನು ಕೆಲವೇ ವಾರಗಳಲ್ಲಿ ತೀರುತ್ತದೆ. ಕುಡುಕನು ಊಟವನ್ನು ಬಿಡುತ್ತಾನೆ. ಉಂಡ ಅಲ್ಪದಲ್ಲಿಯೂ ಕರುಳು ಥಯಮಿನ್ನನ್ನು ಹೀರದಂತೆ ಮದ್ಯವು ತಡೆಯುತ್ತದೆ.

ತೀವ್ರರೋಗವನ್ನು ಒಡನೆ ಗುರುತಿಸಿ ಥಯಮಿನ್ನನ್ನು ನರದ ಮೂಲಕ ಕೊಟ್ಟರೆ ಕಣ್ಣು ಕೆಲವು ಗಂಟೆಗಳಲ್ಲಿಯೇ ಸರಿಹೋಗುವುದುಂಟು. ಅದನ್ನು ಕೊಡದೆ ಬರಿಯ ಗ್ಲೂಕೋಸನ್ನು ಏರಿಸಿದರೆ ಅಳಿದುಳಿದ ಥಯಮಿನ್ನೂ ವ್ಯಯವಾಗಿ ರೋಗವು ಉಲ್ಬಣಿಸಬಹುದು. ಆದರೆ ಮನೆಯಲ್ಲಿ ನಡೆಯುವುದೇ ಬೇರೆ. ಅಂದು ಹನಿ ಮುಟ್ಟದವನೂ ತೂರಾಡುತ್ತ ಬಂದರೆ, ಮತ್ತೆ ಕುಡಿದನೆಂದು ಬೈದು ಮಲಗಿಸುವರು. ತಡವಾದ ಮೇಲೆ ನೆನಪು ಪೂರ್ತಿಯಾಗಿ ಮರಳುವುದು ಅಪರೂಪ. ಆ ಬಳಿಕ ಹೆಂಡತಿಯು ಒಂದೇ ಪ್ರಶ್ನೆಗೆ ದಿನಕ್ಕೆ ಹತ್ತು ಸಲ ಉತ್ತರಿಸುತ್ತಾಳೆ. ಅವನು ಹತ್ತು ಸಲವೂ ಅದನ್ನು ಮೊದಲ ಸಲವೆಂಬಂತೆ ಕೇಳುತ್ತಾನೆ.