ಮನೇಲೇ ಇಪ್ಪ ಕಂಪ್ಯೂಟರ್

2023ರ ಬೇಸಿಗೇಲಿ ಮಿಡಿ ಉಪ್ಪಿನಕಾಯಿ ಭರಣಿಗಳೆಲ್ಲ ಖಾಲಿಯಾದ ಮೇಲೆ ದುಡ್ಡು ಎಣಿಸಿದೆ. ಎರಡು ವರ್ಷದ್ದು ಸೇರಿ 40,000 ಆಗಿತ್ತು. "ಬಳೆಗೆ ಸಾಲ್ತಿಲ್ಲೆ, ಕಿವಿಗೆ ಎಂತಾದ್ರೂ ಮಾಡ್ಸ್ಕ್ಯ" ಅಂದ್ರು ಅತ್ತೆ. ನಂಗೆ ಬೇಕಾಗಿದ್ದು ಕಂಪ್ಯೂಟರ್. ಆದ್ರೆ ಅದನ್ನ ಬಾಯಿಬಿಟ್ಟು ಹೇಳೋಕೆ ಒಂದು ವಾರ ಬೇಕಾಯ್ತು. ನಲವತ್ತೈದು ದಾಟಿದ ಹೆಂಗಸಿಗೆ ಕಂಪ್ಯೂಟರ್ ಎಂತಕ್ಕೆ ಹೇಳಿ ಕೇಳಿದ್ರೆ ಉತ್ತರ ರೆಡಿ ಇರಕ್ಕಲ್ದಾ!

ಉತ್ತರ ಇತ್ತು. ಅತ್ತೆಯ ಹಾಡಿನ ಪುಸ್ತಕ. ಅತ್ತೆ ತವರುಮನೆ ಶರಾವತಿ ಕಣಿವೇದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಮನೆ, ತೋಟ, ಗದ್ದೆ ಎಲ್ಲ ಅಡಿಗೆ ಹೋಯ್ತು. ಉಳಿದಿದ್ದು ಅವರ ಬಾಯಲ್ಲಿದ್ದ ಹಾಡು. ಹಸೆಗೆ ಕರೆಯೋದು, ಎಣ್ಣೆ ಹಚ್ಚೋದು, ಆರತಿ, ಹೆಣ್ಣು ಒಪ್ಪಿಸಿ ಕೊಡೋದು. ಎಲ್ಲ ಸೇರಿ ಎರಡು ನೋಟ್‌ಬುಕ್ಕಲ್ಲಿ ಶಾಯಿ ಪೆನ್ನಲ್ಲಿ ಬರೆದು ಇಟ್ಟಿದ್ರು. ನಮ್ಮ ಕಡೆ ಮಳೆಗಾಲ ಹ್ಯಾಂಗೆ ಹೇಳಿ ನಿಂಗಳಿಗೆಲ್ಲ ಗೊತ್ತಿದ್ದಲೆ, ಕಪಾಟಲ್ಲಿ ಇಟ್ಟ ರೇಷ್ಮೆ ಸೀರೆಗೂ ಬೂಸಲು ಬರ್ತದೆ. ಪುಸ್ತಕದ ಅಂಚು ಕಪ್ಪಾಗಿ, ಶಾಯಿ ಹರಡಿ, ಕೆಲವು ಪುಟ ಒಂದಕ್ಕೊಂದು ಅಂಟಿಕೊಂಡಿತ್ತು. ನಾನು ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಕೂತು ಮೊಬೈಲಲ್ಲಿ ಟೈಪ್ ಮಾಡ್ತಾ ಬಂದೆ. 43 ಹಾಡು ಆಗಿತ್ತು. ಒಂದು ಸಂಜೆ ಬಚ್ಚಲುಮನೇಲಿ ಬಿಸಿನೀರು ತೋಡೋಕೆ ಬಗ್ಗಿದಾಗ ಮೊಬೈಲು ಸೊಂಟದಿಂದ ಜಾರಿ ಹಂಡೆಗೇ ಬಿತ್ತು. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದೂ ಆಯ್ತು, ರಿಪೇರಿಗೆ ಕೊಟ್ಟಿದ್ದೂ ಆಯ್ತು. ಹಾಡು ಬರಲಿಲ್ಲ. ಅತ್ತೆ ಬೈಯಲಿಲ್ಲ. "ಮತ್ತೊಂದ್ಸಲ ನೀರಿಗೇ ಹೋತು" ಅಂದ್ರು ಅಷ್ಟೆ. ಬೈದಿದ್ರೆ ಚೆನ್ನಾಗಿತ್ತು.

ಇವರು ಕೇಳಿದ ತಕ್ಷಣ ಲ್ಯಾಪ್‌ಟಾಪ್ ಅಂದ್ರು. "ಲ್ಯಾಪ್‌ಟಾಪೇ ತಗಂಬ, ಎಲ್ಲಿಗೆ ಬೇಕಾದ್ರೂ ತಗಂಡು ಹೋಗ್ಲಕ್ಕು."

"ಅದ್ಕೇ ಬ್ಯಾಡ. ಎಲ್ಲಿಗೆ ಬೇಕಾದ್ರೂ ಹೋಪದು ಯಂಗೆ ಬ್ಯಾಡ, ಮನೇಲೇ ಇಪ್ಪದು ಬೇಕು."

ಇದನ್ನ ಜಗಳಕ್ಕೆ ಹೇಳಿದ್ದಲ್ಲ. ತೀರ್ಥಹಳ್ಳೀಲಿ ನನ್ನ ಅಕ್ಕನ ಮನೇಲಿ "ಎಲ್ಲರಿಗೂ" ಹೇಳಿ ತಂದ ಲ್ಯಾಪ್‌ಟಾಪು ಮೂರೇ ತಿಂಗಳಲ್ಲಿ ಮಾಣಿಯ ಹಿಂದೆ ಬೆಂಗಳೂರು ಬಸ್ಸು ಹತ್ತಿತ್ತು. ನಮ್ಮನೆಯಲ್ಲೂ ಮಗಳು ಬೆಂಗಳೂರಲ್ಲಿ ಓದ್ತಾಳೆ, ಮಗ ಒಂಬತ್ತನೇ ಕ್ಲಾಸು, ಅವನೂ ಇನ್ನೆರಡು ವರ್ಷಕ್ಕೆ ಹೊರಟವನೇ. ಟೇಬಲ್ ಮೇಲೆ ಕೂತು ಅಲ್ಲಾಡದ ಪೆಟ್ಟಿಗೆಯಾದ್ರೆ ಯಾರೂ ಬ್ಯಾಗಿಗೆ ಹಾಕ್ಕೊಂಡು ಹೋಗೋಹಂಗಿಲ್ಲ. ಮತ್ತೊಂದು, ಕೀಬೋರ್ಡು ಹಾಳಾದ್ರೆ ಕೀಬೋರ್ಡು ಮಾತ್ರ, ಪರದೆ ಹೋದ್ರೆ ಪರದೆ ಮಾತ್ರ ಬದಲಿಸಬಹುದು. ಮಿಕ್ಸಿ ಜಾರು ಒಡೆದ್ರೆ ಮಿಕ್ಸಿನೇ ಬಿಸಾಕ್ತೀವಾ?

ಮಗಳು ಫೋನಲ್ಲೇ ಪಾಠ ಶುರು ಮಾಡಿದಳು. ಬಿಡಿ ಭಾಗ ತಂದು ನಾವೇ ಜೋಡಿಸೋದು ಹೇಳಿ ಅವಳ ಹಟ. ನಂಗೆ ಮೊದಮೊದಲು ತಲೆಬುಡ ತಿಳೀತಿರಲಿಲ್ಲ. ಆಮೇಲೆ ಒಂದೇ ಒಂದು ವಿಷಯ ಗಟ್ಟಿ ಮಾಡ್ಕೊಂಡೆ: ಒಂದನ್ನ ಆರಿಸಿದ್ರೆ ಅದು ಇನ್ನೊಂದನ್ನ ಕಟ್ಟಿಹಾಕ್ತದೆ. ಪ್ರೊಸೆಸರ್ ಆರಿಸಿದ್ರೆ ಅದು ಕೂರೋ ಗುಳಿ ಇರೋ ಮದರ್‌ಬೋರ್ಡೇ ಬೇಕು. ಮದರ್‌ಬೋರ್ಡು ಡಿಡಿಆರ್ 4 ಆದ್ರೆ ರ‍್ಯಾಮೂ ಅದೇ ಆಗಬೇಕು. ಡಿಡಿಆರ್ 5 ಕಡ್ಡಿಯ ಕಚ್ಚು ಬೇರೆ ಜಾಗದಲ್ಲಿ ಇರೋದ್ರಿಂದ ಒತ್ತಿದ್ರೂ ಒಳಗೆ ಹೋಗಲ್ಲ. ಭರಣಿಗೆ ತಕ್ಕ ಮುಚ್ಚಳ ಹುಡುಕಿ ಸುಸ್ತಾದೋರಿಗೆ ಇದನ್ನ ಬಿಡಿಸಿ ಹೇಳೋದು ಬೇಡ.

ಪ್ರೊಸೆಸರ್ ಇಂಟೆಲ್‌ದು, ಐ3-12100 ಹೇಳಿ ತೀರ್ಮಾನವಾಯ್ತು. ಎಎಂಡಿಯ ರೈಜೆನ್ 5 5600ಜಿ ಕೂಡ ಹತ್ತಿರದ ಬೆಲೆಗೆ ಇತ್ತು. ಅದ್ರಲ್ಲಿ ಆರು ಕೋರು, ಇದ್ರಲ್ಲಿ ನಾಲ್ಕು. ಹಾಡು ಟೈಪ್ ಮಾಡೋಕೆ, ಉಪ್ಪಿನಕಾಯಿ ಲೆಕ್ಕಕ್ಕೆ, ಲೇಬಲ್ಲಿಗೆ, ಮಗನ ಓದಿಗೆ ನಾಲ್ಕು ಧಾರಾಳ. ಎಮ್ಮೆ ಒಂದೇ ಇರೋ ಮನೆಗೆ ಹತ್ತು ಎಮ್ಮೆ ಕೊಟ್ಟಿಗೆ ಕಟ್ಟೋದು ಬೇಡ ಅಂದೆ.

ಇಲ್ಲೇ ಒಂದು ಎಡವಟ್ಟು ಆಗೋದಿತ್ತು. ಪೇಟೆಯ ಒಂದು ಅಂಗಡಿಯವರಿಗೆ ಕೇಳಿದ್ದಕ್ಕೆ ವಾಟ್ಸಾಪಲ್ಲಿ ರೇಟು ಕಳಿಸಿದ್ರು. ನಮ್ಮ ಚೀಟಿಗಿಂತ ಸುಮಾರು 5,000 ಕಮ್ಮಿ! ಕ್ಯಾಬಿನೆಟ್ಟಿಗೆ ಪವರ್ ಸಪ್ಲೈ ಪುಕ್ಕಟೆ ಬೇರೆ. ನಾನು ಅಡ್ವಾನ್ಸ್ ಹಾಕೋಕೆ ಹೊರಟಿದ್ದೆ. ಸುಮ್ಮನೆ ಮಗಳಿಗೂ ಒಂದು ಕಳಿಸಿದೆ. ತಕ್ಷಣ ಫೋನು ಬಂತು.

"ಅಮಾ, ಬಾಲದಲ್ಲಿ ಎಫ್ ಇದ್ದು ನೋಡಿದ್ಯಾ? ಇದ್ರಲ್ಲಿ ಚಿತ್ರ ಬತ್ತಿಲ್ಲೆ!"

12100 ಬೇರೆ, 12100ಎಫ್ ಬೇರೆ. ಎಫ್ ಇದ್ರೆ ಪರದೆಗೆ ಚಿತ್ರ ಕಳಿಸೋ ಭಾಗ ಅದರೊಳಗೆ ಇರಲ್ಲ. ಬೇರೆಯಾಗಿ ಗ್ರಾಫಿಕ್ಸ್ ಕಾರ್ಡು ಹಾಕಲೇಬೇಕು, ಅದಕ್ಕೆ ಉಳಿದ ದುಡ್ಡಿಗಿಂತ ಜಾಸ್ತಿ ಆಗ್ತದೆ. ಆಟ ಆಡೋ ಹುಡುಗರಿಗೆ ಎಫ್ ಲಾಭ, ಹ್ಯಾಂಗೂ ಅವರು ಕಾರ್ಡು ಹಾಕ್ತಾರೆ. ನಮಗೆ ಅದು ಬತ್ತಿ ಇಲ್ಲದ ದೀಪ. ಅಂಗಡಿಯವರು ಮೋಸ ಮಾಡಿದ್ರು ಹೇಳಿ ಅಲ್ಲ, ನಾನು ಕಮ್ಮಿ ರೇಟು ಕೇಳಿದೆ, ಅವರು ಕಮ್ಮೀದು ಕೊಟ್ರು. ಒಂದೇ ಒಂದು ಅಕ್ಷರ ನೋಡಿ! ಕನ್ನಡದಲ್ಲಿ ಒಂದು ಒತ್ತು ಬಿಟ್ರೆ ಅರ್ಥ ಹೋಗೋಹಂಗೇ.

ಪುಕ್ಕಟೆ ಪವರ್ ಸಪ್ಲೈನೂ ಮಗಳು ಬೇಡ ಅಂದಳು. ಇದರಲ್ಲಿ ಮಾತ್ರ ನಂಗೂ ಅವಳಿಗೂ ಎರಡು ದಿನ ಚರ್ಚೆ. ಹೊರಗಿಂದ ಬರೋ ಕರೆಂಟನ್ನ ಒಳಗಿನ ಎಲ್ಲಾ ಭಾಗಕ್ಕೂ ಬೇಕಾದಷ್ಟೇ ಮಾಡಿ ಹಂಚೋದು ಅದು. ಅದು ಕೆಟ್ರೆ ತಾನೊಂದೇ ಕೆಡಲ್ಲ, ಕೆಲವು ಸಲ ಜೊತೆಗಿದ್ದದ್ದನ್ನೂ ಸುಟ್ಕೊಂಡು ಹೋಗ್ತದೆ. ನಮ್ಮಲ್ಲಿ ಕರೆಂಟಿನ ಕಥೆ ಗೊತ್ತಲ್ಲ. ತೋಟದ ಪಂಪು ಎಲ್ಲರದ್ದೂ ಒಟ್ಟಿಗೆ ಶುರುವಾದ್ರೆ ಬಲ್ಬು ಮಿಣುಕುಹುಳ, ಅವು ನಿಂತ ಮೇಲೆ ಕಣ್ಣು ಕೋರೈಸೋ ಬೆಳಕು. ಹೊಸನಗರದ ಕಡೆ ಗಾಳಿ ಬಂದು ಮರ ಬಿದ್ರೆ ನಮ್ಮೂರು ಕತ್ತಲು. "ನಮ್ಮನೆ ಮುಳುಗ್ಸಿ ಮಾಡಿದ ಕರೆಂಟು, ಅದ್ರೂ ಸರಿಯಾಗಿ ಬತ್ತಿಲ್ಲೆ" ಹೇಳೋದು ಅತ್ತೆಯ ಹಳೇ ಮಾತು. ಕಡೆಗೆ 450 ವ್ಯಾಟಿಂದು, 80 ಪ್ಲಸ್ ಬ್ರಾಂಜ್ ಗುರುತು ಇದ್ದಿದ್ದೇ ತಗೊಂಡಿದ್ದು. ಆ ಗುರುತು ವೋಲ್ಟೇಜಿಗೆ ಕೊಟ್ಟ ರಕ್ಷಣೆ ಅಲ್ಲ, ಕರೆಂಟು ಎಷ್ಟು ಕಮ್ಮಿ ಪೋಲಾಗ್ತದೆ ಹೇಳೋದರ ಗುರುತು. ಆದ್ರೂ ಹೆಸರಿಲ್ಲದ್ದಕ್ಕಿಂತ ಪರೀಕ್ಷೆ ಆಗಿದ್ದು ಮೇಲು. ವೋಲ್ಟೇಜಿನ ಭಯಕ್ಕೆ ಬೇರೆ ಯುಪಿಎಸ್.

ಮನೇಲಿ ಇನ್ವರ್ಟರ್ ಇದೆಯಲ್ಲ, ಯುಪಿಎಸ್ ಎಂತಕ್ಕೆ ಹೇಳಿ ಇವರು ಕೇಳಿದ್ರು. ಕೇಳಿದ್ದು ಸರಿಯೇ. ಇನ್ವರ್ಟರಿಗೆ ಕರೆಂಟು ಹೋಗಿದ್ದು ಗೊತ್ತಾಗಿ ಬ್ಯಾಟರಿಗೆ ತಿರುಗೋಕೆ ಚೂರು ಹೊತ್ತು ಬೇಕು. ಫ್ಯಾನಿಗೆ ಅದು ಗೊತ್ತೂ ಆಗಲ್ಲ, ಕಂಪ್ಯೂಟರ್ ಮಾತ್ರ ಸತ್ತು ಹುಟ್ಟಿಬಿಡಬಹುದು. ಕೆಲವು ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್ ಹೇಳಿ ಸ್ವಿಚ್ಚು ಇರ್ತದೆ, ಅದನ್ನ ಹಾಕಿದ್ರೆ ಬೇಗ ತಿರುಗ್ತದೆ. ನಮ್ಮದು ಹಳೇದು, ಅದರಲ್ಲಿ ಇಲ್ಲ. 600 ವಿಎ ಯುಪಿಎಸ್ ಸಾಕಾಯ್ತು. ಟೈಪ್ ಮಾಡಿದ್ದನ್ನ ಉಳಿಸಿ, ನಿಧಾನಕ್ಕೆ ಆರಿಸುವಷ್ಟು ಹೊತ್ತು ನಿಲ್ತದೆ. ಕೂತು ಕೆಲಸ ಮಾಡೋಕೆ ಅಲ್ಲ ಅದು.

ರ‍್ಯಾಮು 8 ಜಿಬಿಯದ್ದು ಎರಡು. 16ರದ್ದು ಒಂದೇ ತಂದ್ರೆ ಒಂದು ಗುಳಿ ಖಾಲಿ ಉಳೀತದೆ ಹೇಳಿ ನಾನು ಜಾಣತನ ತೋರಿಸಿದೆ. ಚಿತ್ರಕ್ಕೆ ಬೇರೆ ಕಾರ್ಡು ಇಲ್ಲದಾಗ ಪ್ರೊಸೆಸರ್ ಈ ರ‍್ಯಾಮನ್ನೇ ಹಂಚ್ಕೊಳ್ತದೆ, ಎರಡು ಕಡೆಯಿಂದ ಒಟ್ಟಿಗೆ ಓದಿದ್ರೆ ಚುರುಕು ಹೇಳಿ ಅವಳ ವಾದ. ಅವಳೇ ಗೆದ್ದಳು. ನನ್ನ ಕೆಲಸಕ್ಕೆ ಯಾವುದಾದ್ರೂ ನಡೀತಿತ್ತು ಹೇಳಿ ಈಗಲೂ ಅನ್ನಿಸ್ತದೆ.

ಹಾಡು ಇಡೋ ಜಾಗಕ್ಕೆ ಮಾತ್ರ ನಾನು ಟೆರಾಬೈಟೇ ಬೇಕು ಹೇಳಿ ಕೂತಿದ್ದೆ, ಕಳಕೊಂಡವಳ ಆಸೆ. ಮಗಳು ಲೆಕ್ಕ ಹಾಕಿ ತೋರಿಸಿದಳು. ನೂರು ಹಾಡಿನ ಅಕ್ಷರ ಒಂದು ಎಂಬಿಯೂ ಆಗಲ್ಲ. ಒಂದು ಫೋಟೋದ ಜಾಗದಲ್ಲಿ ಅತ್ತೆಯ ಇಡೀ ತವರುಮನೆ! 500 ಜಿಬಿಯ ಎಸ್‌ಎಸ್‌ಡಿ ತಗೊಂಡ್ವಿ, ಬೆರಳುದ್ದದ ಹಸಿರು ಪಟ್ಟಿ, ತಿರುಗೋ ತಟ್ಟೆ ಗಿಟ್ಟೆ ಎಂತದೂ ಇಲ್ಲ. "ಅಮಾ, ದೊಡ್ಡ ಜಾಗದಲ್ಲಿ ಒಂದು ಪ್ರತಿ ಇಪ್ಪದಕ್ಕಿಂತ ಸಣ್ಣ ಜಾಗದಲ್ಲಿ ಮೂರು ಇಪ್ಪದು ಒಳ್ಳೇದು" ಅಂದಳು. ಒಂದು ಕಂಪ್ಯೂಟರಲ್ಲಿ, ಒಂದು ಪೆನ್‌ಡ್ರೈವಲ್ಲಿ, ಒಂದು ಅವಳ ಹತ್ರ.

ಭಾರ ಇಲ್ಲದ್ದನ್ನ ಅವಳು ಬೆಂಗಳೂರಿನ ಎಸ್‌.ಪಿ. ರೋಡಲ್ಲಿ ನಾಲ್ಕು ಅಂಗಡಿ ಸುತ್ತಿ ತಗೊಂಡಳು. ಸದರ್ ಪತ್ರಪ್ಪ ರಸ್ತೆ ಹೇಳಿ ಅದರ ಪೂರಾ ಹೆಸರು. ಪ್ರತಿಯೊಂದಕ್ಕೂ ಜಿಎಸ್‌ಟಿ ಬಿಲ್ಲು ತಗ, ವಾರಂಟಿಗೆ ಬೇಕು ಹೇಳಿ ಸಾವಿರ ಸಲ ಹೇಳಿದ್ದೆ. ರಾತ್ರಿ ರೈಲಲ್ಲಿ ಬ್ಯಾಗು ತಲೆದಿಂಬು ಮಾಡ್ಕೊಂಡು ಬಂದು ಬೆಳಿಗ್ಗೆ ಸಾಗರ ಜಂಬಗಾರಲ್ಲಿ ಇಳಿದಳು. ಮಾನಿಟರ್, ಕ್ಯಾಬಿನೆಟ್, ಯುಪಿಎಸ್ ಸಾಗರದಲ್ಲೇ ತಗೊಂಡ್ವಿ. ಭಾರದ್ದು, ಒಡೆಯೋದು, ಎರಡು ಮೂರು ವರ್ಷಕ್ಕೆ ಬ್ಯಾಟರಿ ಬದಲಿಸಬೇಕಾಗಿದ್ದು, ಹತ್ತಿರ ಇದ್ರೆ ಒಳ್ಳೇದು. ಎಲ್ಲ ಸೇರಿ 40,100. ಆ ನೂರನ್ನ ಅತ್ತೆ ಕೊಟ್ರು, ಸೆರಗಿನ ಗಂಟಿಂದ.

ಜಗಲಿ ಮೇಲೆ ಚಾಪೆ ಹಾಸಿ ಜೋಡಿಸೋಕೆ ಕೂತ್ವಿ. ಪ್ರೊಸೆಸರ್ ಅಂಚಷ್ಟೇ ಹಿಡಿದು ಇಡಬೇಕು, ಒತ್ತಬಾರದು. ರ‍್ಯಾಮನ್ನ ಒತ್ತಬೇಕು. ಈ ಎರಡು ನೆನಪಿದ್ರೆ ಉಳಿದಿದ್ದು ಹಪ್ಪಳ ಹಚ್ಚೋದಕ್ಕಿಂತ ಸುಲಭ. ಎರಡು ಗಂಟೆ ಬೇಕಾಯ್ತು. ಸ್ವಿಚ್ ಹಾಕಿದ್ರೆ ಫ್ಯಾನು ತಿರುಗ್ತು, ಪರದೆ ಕಪ್ಪು. ನಂಗೆ ಎದೆ ಧಸಕ್ ಅಂತು. ಎಫ್ ಅಲ್ಲ ತಾನೇ ಹೇಳಿ ಪೆಟ್ಟಿಗೆ ಮೇಲಿನ ಅಕ್ಷರ ಮೂರು ಸಲ ಓದಿದೆ.

ಅತ್ತೆ ಬಾಗಿಲಲ್ಲಿ ನಿಂತು, "ಎಂತಾತನೇ? ಇದೂ ಹೋತಾ?" ಅಂದ್ರು.

ರ‍್ಯಾಮಿನ ಒಂದು ಕಡೆ ಪೂರ್ತಿ ಕೂತಿರಲಿಲ್ಲ. ಮಗಳು ಹೆದರಿ ಮೆತ್ತಗೆ ಒತ್ತಿದ್ದಳು. ಪ್ಲಗ್ ತೆಗೆದು ನಾನು ಎರಡು ಹೆಬ್ಬೆಟ್ಟು ಇಟ್ಟು ಭರಣಿ ಮುಚ್ಚಳ ಒತ್ತಿದಂಗೆ ಒತ್ತಿದೆ. ಟಕ್ ಅಂತು. ಈ ಸಲ ಪರದೆ ಬೆಳಗ್ತು.

ವಿಂಡೋಸಿಗೆ ದುಡ್ಡು ಉಳಿದಿರಲಿಲ್ಲ. ಮಗ ಪೆನ್‌ಡ್ರೈವಿಂದ ಲಿನಕ್ಸ್ ಮಿಂಟ್ ಹಾಕಿದ, ಅದಕ್ಕೆ ಕಾಸು ಬೇಡ. ಕೀಬೋರ್ಡಿನ ಪಟ್ಟಿಯಲ್ಲಿ ಹುಡುಕಿದ್ರೆ ಕನ್ನಡ, ಅದರ ಕೆಳಗೆ 'ಕಗಪ' ಹೇಳಿ ಇತ್ತು. ಕನ್ನಡ ಗಣಕ ಪರಿಷತ್ತಿನ ಹೆಸರು, ಎಲ್ಲೋ ಹೊರದೇಶದಲ್ಲಿ ಮಾಡಿದ ಪಟ್ಟಿಯಲ್ಲಿ! ನುಡಿ ಕಲಿತ ಕೈಗೆ ಅದು ಕೂಡಲೇ ಒಗ್ಗಿತು.

ಮಳೆಗಾಲಕ್ಕೆ ಎರಡು ಮಾತು ಹೇಳಿಬಿಡ್ತೀನಿ. ಪ್ಲಾಸ್ಟಿಕ್ ಹೊದಿಸಿ ಮುಚ್ಚಿಡಬೇಡಿ, ತೇವ ಒಳಗೇ ಉಳೀತದೆ. ದಿನಕ್ಕೆ ಅರ್ಧ ಗಂಟೆಯಾದ್ರೂ ಹಾಕಿದ್ರೆ ಅದರ ಕಾವಿಗೇ ಒಣಗ್ತದೆ. ಹಿಂದುಗಡೆ ಖಾಲಿ ಕಂಡಿ ತೆರೆದಿದ್ರೆ ಹಲ್ಲಿ, ಇರುವೆ ಮನೆ ಮಾಡ್ತಾವೆ, ಪಟ್ಟಿ ಹಾಕಿ ಮುಚ್ಚಿ. ಗುಡುಗು ಶುರುವಾದ್ರೆ ಯುಪಿಎಸ್ಸನ್ನೂ ನಂಬದೆ ಪ್ಲಗ್ಗೇ ಕಿತ್ತಿಡೋದು. ಇಂಟರ್ನೆಟ್ಟಿನ ಫೈಬರ್ ಗಾಜಿನ ಎಳೆ, ಅದರಲ್ಲಿ ಮಿಂಚು ಹರಿಯಲ್ಲ, ಆದ್ರೆ ಅದರ ಪೆಟ್ಟಿಗೆಯ ವೈರು ಕರೆಂಟಿಂದೇ. ಈಗ ನಮ್ಮನೇಲಿ ಆ ಕೆಲಸ ಅತ್ತೇದು. ಕಾನಿನ ಆಚೆ ಎಲ್ಲೋ ಗುಡುಗಿದ್ರೂ ನಾನು ಏಳೋದರೊಳಗೆ ಅವರು ಪ್ಲಗ್ ಹತ್ರ ನಿಂತಿರ್ತಾರೆ.

ಹಾಡು 61 ಆಗಿದೆ. ಅಂಟಿದ ಪುಟಗಳದ್ದು ಅವರು ಹೇಳಿ ನಾನು ಟೈಪ್ ಮಾಡಿದ್ದು. ನಡುವೆ ಮರೆತ್ರೆ, "ತಡೆ, ಪಾತ್ರೆ ತೊಳೀವಾಗ ಬತ್ತು" ಹೇಳಿ ಎದ್ದು ಹೋಗ್ತಾರೆ. ಬರ್ತದೆ ಕೂಡ. ನಾನು ಪರದೆ ಆರಿಸದೆ ಕಾಯ್ತಾ ಕೂರ್ತೀನಿ.

ಚೀಟಿ ಬೇಕಾದೋರು ಬನ್ನಿ. ಬೆಲೆ ಎಲ್ಲ ಬದಲಾಗಿರ್ತದೆ, ಎಫ್ ಮಾತ್ರ ನೋಡಿ ತಗಳಿ.