ಒಂದೂವರೆ ವೋಲ್ಟಿನ ಉಪಕಾರ

ಶಬ್ದದ ಅರ್ಥವನ್ನು ನಿಶ್ಚಯಿಸುವುದು ಲೋಕದ ಬಳಕೆ. ವಿಜಯಪುರದ ಸೀಮೆಯಲ್ಲಿ ‘ಬ್ಯಾಟರಿ’ ಎಂದರೆ ರಾತ್ರಿ ಹೊಲಕ್ಕೆ ಒಯ್ಯುವ ಕೈದೀಪ. ಅದರೊಳಗೆ ಇಡುವುದು ‘ಸೆಲ್ಲು’. ಶಾಸ್ತ್ರವಾದರೋ ಒಂದೊಂದನ್ನು ವಿದ್ಯುತ್ಕೋಶವೆಂದೂ ಅವುಗಳ ಸಮುದಾಯವನ್ನು ಬ್ಯಾಟರಿಯೆಂದೂ ಹೇಳುತ್ತದೆ. ‘ಆಕಾಶವಾಣಿ’ ಎಂಬ ಪುರಾಣಕಾಲದ ಪದಕ್ಕೂ 1935ರಲ್ಲಿ ಮೈಸೂರಿನ ಎಂ. ವಿ. ಗೋಪಾಲಸ್ವಾಮಿಯವರ ಬಾನುಲಿ ಕೇಂದ್ರದಿಂದ ಹೊಸ ಅರ್ಥ ಬಂದಿತು. 1950ರಲ್ಲಿ ಧಾರವಾಡದಲ್ಲಿ ನಿಲಯವಾದ ಮೇಲೆ ಆ ವಾಣಿ ನಮ್ಮ ಭಾಗಕ್ಕೆ ಸಮೀಪವಾಯಿತು.

ಆದರೆ ವಾಣಿ ಆಕಾಶದಲ್ಲಿದ್ದರೆ ಸಾಲದು, ಕೇಳಲು ಯಂತ್ರ ಬೇಕು. ಹಿಂದಿನ ವಾಲ್ವ್ ರೇಡಿಯೋಗಳಿಗೆ ಹತ್ತಾರು ವೋಲ್ಟುಗಳ ಒತ್ತಡ ಅವಶ್ಯವಾಗಿತ್ತು. 1947ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಮೇಲೆ ಆ ಕಾರ್ಯ ಮೂರು ಅಥವಾ ಆರು ವೋಲ್ಟುಗಳಲ್ಲಿ ಸಾಧ್ಯವಾಯಿತು. ಆದ್ದರಿಂದಲೇ ವಿದ್ಯುತ್ ಕಂಬ ಮುಟ್ಟದ ತೋಟದ ಗುಡಿಸಲಿಗೂ ರೇಡಿಯೋ ನಡೆದು ಹೋಯಿತು.

ಇಟ್ಟಂಗಿಹಾಳದ ನಮ್ಮ ಮನೆಯ ರೇಡಿಯೋ ನಾಲ್ಕು ಸೆಲ್ಲುಗಳದು. ಮಳೆಯನ್ನೇ ನಂಬಿದ ಜೋಳದ ಹೊಲದ ಒಡೆಯರಾದ ತಂದೆಯವರಿಗೆ ಹವಾಮಾನದ ವರ್ತಮಾನ ಪಂಚಾಂಗದಷ್ಟೇ ಮುಖ್ಯ. ವರ್ತಮಾನ ಮುಗಿದೊಡನೆ, “ಬಂದ್ ಮಾಡೋ ತಮ್ಮಾ, ಸೆಲ್ಲ ಸುಮ್ನ ಸುಡತಾವ” ಎನ್ನುವರು. ಹಾಡು ಕೇಳಬೇಕೆಂಬ ನನಗೆ ಅದು ಕಠೋರವೆನಿಸುತ್ತಿತ್ತು. ಆದರೆ ಸೆಲ್ಲು ತೀರಿದರೆ ಸಂತೆಯ ದಿನದವರೆಗೆ ಮನೆಯೆಲ್ಲ ಮೌನ.

ಸೆಲ್ಲಿನೊಳಗಿನ ರಚನೆ ಸರಳವಾದುದು. ಹೊರಗಿನ ಸತುವಿನ ಡಬ್ಬಿ ಋಣಧ್ರುವ. ನಡುವಿನ ಇಂಗಾಲದ ಕಡ್ಡಿ ಧನಧ್ರುವ. ಕಡ್ಡಿಯ ಸುತ್ತ ಮ್ಯಾಂಗನೀಸ್ ಡೈಆಕ್ಸೈಡಿನ ಕರಿಯ ಪುಡಿ. ನವಸಾಗರದಂಥ ಲವಣದ ತೇವ. ಸತುವು ಸವೆಯುತ್ತ ವಿದ್ಯುತ್ತನ್ನು ಕೊಡುತ್ತದೆ. ಒಂದರ ಒತ್ತಡ ಒಂದೂವರೆ ವೋಲ್ಟ್. ಒಂದರ ತಲೆಗೆ ಇನ್ನೊಂದರ ಬುಡ ತಾಗುವಂತೆ ನಾಲ್ಕನ್ನು ಸಾಲಾಗಿ ಜೋಡಿಸಿದರೆ ಆರು ವೋಲ್ಟ್. ಒಂದನ್ನು ತಿರುವುಮುರುವು ಇಟ್ಟರೆ ಅದು ಎದುರು ನಿಂತು ಮತ್ತೊಂದರ ಬಲವನ್ನೂ ಕಳೆಯುವುದರಿಂದ ಉಳಿಯುವುದು ಮೂರೇ. ಹೊಸದರೊಡನೆ ಹಳೆಯದನ್ನು ಬೆರೆಸಿದರೆ ಬಲಹೀನವಾದುದು ಬೇಗ ಬರಿದಾಗಿ, ಸೋರಿ ಯಂತ್ರವನ್ನೇ ಕೆಡಿಸುತ್ತದೆ. ಬಹುಕಾಲ ಬಳಸದಿದ್ದಾಗ ಸೆಲ್ಲುಗಳನ್ನು ಹೊರತೆಗೆದಿಡಬೇಕೆಂಬುದು ಇದೇ ಕಾರಣಕ್ಕೆ.

ತೀರಿದ ಸೆಲ್ಲುಗಳನ್ನು ತಾಯಿಯವರು ಮಾಳಿಗೆಯ ಬಿಸಿಲಿಗೆ ಇಡುತ್ತಿದ್ದರು. ಸಂಜೆಗೆ ರೇಡಿಯೋ ಮತ್ತೆ ಸ್ವಲ್ಪ ಹೊತ್ತು ನುಡಿಯುತ್ತಿತ್ತು. ಇದು ಮೂಢನಂಬಿಕೆಯಲ್ಲ: ವಿಶ್ರಾಂತಿ ಮತ್ತು ಬೆಚ್ಚಗಿನಿಂದ ಒಳಗಿನ ಅಡ್ಡಿ ಕೊಂಚ ತಗ್ಗಿ, ಉಳಿದ ಅಲ್ಪ ಶಕ್ತಿ ಹೊರಬರುತ್ತದೆ. ಸವೆದ ಸತುವು ಮಾತ್ರ ಮರಳಿ ಬಾರದು. ಬೆಂಕಿಯ ಹತ್ತಿರ ಇಟ್ಟರೆ ಸೆಲ್ಲು ಸಿಡಿಯುವ ಅಪಾಯವಿದೆ.

ಆ ತಾಯಿಯವರಿಗೆ ಇಂದು ಎಂಬತ್ತು ದಾಟಿದೆ; ಕಿವಿ ಮಂದವಾಗಿದೆ. ಅವರ ಶ್ರವಣಯಂತ್ರದಲ್ಲಿರುವುದು ಹುಣಸೆಬೀಜಕ್ಕಿಂತ ಚಿಕ್ಕದಾದ ಸತು-ಗಾಳಿಯ ಕೋಶ. ಒತ್ತಡ ಸುಮಾರು 1.4 ವೋಲ್ಟ್. ಮೇಲಿನ ಅಂಟುಪಟ್ಟಿಯನ್ನು ಕಿತ್ತೊಡನೆ ಸೂಕ್ಷ್ಮರಂಧ್ರದಿಂದ ಗಾಳಿಯ ಆಮ್ಲಜನಕ ಒಳಹೊಕ್ಕು ಕೋಶ ಚೇತನಗೊಳ್ಳುತ್ತದೆ. ಅಲ್ಲಿಂದ ಮುಂದೆ ಬಳಸಿದರೂ ಬಿಟ್ಟರೂ ಅದರ ಆಯುಷ್ಯ ಕಳೆಯುತ್ತಲೇ ಇರುತ್ತದೆ. ಅದು ತೀರಿದ ದಿನ ತಾಯಿಯವರು ನಮ್ಮ ಮಧ್ಯದಲ್ಲಿ ಕುಳಿತೂ ಒಂಟಿಯಾಗುತ್ತಾರೆ. ಮೊಮ್ಮಕ್ಕಳ ತುಟಿಗಳನ್ನೇ ನೋಡುತ್ತ ಸುಮ್ಮನೆ ನಗುತ್ತಾರೆ. ಹೊಸದನ್ನು ಹಾಕಿದ ಕೂಡಲೇ, “ಏನಂದಿ ತಂಗೀ?” ಎಂದು ಮೊಮ್ಮಗಳನ್ನು ಕೇಳುತ್ತಾರೆ. ಆ ಒಂದು ಪ್ರಶ್ನೆಯ ಬೆಲೆಯನ್ನು ಯಾವ ವೋಲ್ಟಿನಿಂದ ಅಳೆಯೋಣ?

ವಿದ್ಯಾರ್ಥಿಗಳೇ, ಇಂಥ ಗುಂಡಿಕೋಶಗಳನ್ನು ಎಳೆಯ ಮಕ್ಕಳ ಕೈಗೆ ಸಿಗದಂತೆ ಇಡಿರಿ. ನುಂಗಿದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಮನೆಯ ಹಿರಿಯರ ಯಂತ್ರಕ್ಕೆ ಸೆಲ್ಲು ತೀರಿದೆಯೇ ಎಂದು ನೀವಾಗಿಯೇ ವಿಚಾರಿಸಿರಿ. ಶರಣರು ಕಾಯಕ ಕಿರಿದೆಂದು ಹೀಗಳೆದವರಲ್ಲ. ಇಂಥ ಕಿರಿಯ ಸೇವೆಯೂ ದಾಸೋಹವೇ ಎಂದರಿತು ನಡೆಯಿರೆಂದು ಹಾರೈಸಿ ವಿರಮಿಸುತ್ತೇನೆ.